ಮೋಡದ ಮೀಟರು

ಬ್ಯಾಂಕಿನ ಮೆಸೇಜು ನೋಡಿದ ಕೂಡಲೇ ಶಿರಸಿಯಿಂದ ಅಪ್ಪನ ಫೋನು: “ಎರಡು ರೂಪಾಯಿಗೆ ಏನು ತಗೊಂಡೆಯೋ?”

“ಕ್ಲೌಡ್” ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಗ್ಗವೇ ಆಯ್ತು” ಅಂದರು.

ಕಾರ್ಡು ಅಸಲಿಯೋ ನಕಲಿಯೋ ಎಂದು ನೋಡಲು, ಸರ್ವರ್ ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿ ಹಿಡಿದ ಹಣ ಅದು. ಇಂಜಿನಿಯರಿಂಗಿನ ಕೊನೆಯ ವರ್ಷ, ನಾಲ್ವರ ಪ್ರಾಜೆಕ್ಟು. ಕ್ರೆಡಿಟ್ ಕಾರ್ಡಿರುವ ಅಪ್ಪ ನನಗೊಬ್ಬನಿಗೇ ಇದ್ದುದರಿಂದ ಟೀಮ್ ಲೀಡರ್ ಪಟ್ಟವೂ ನನ್ನ ತಲೆಗೇ ಬಂತು. ಉಳಿದವರಲ್ಲಿ ಒಬ್ಬ ಕೋಡ್ ಬರೆಯುವವನು, ಒಬ್ಬ ರಿಪೋರ್ಟಿಗೆ ಬಂಗಾರದಕ್ಷರದ ಬೈಂಡಿಂಗ್ ಮಾಡಿಸುವವನು, ಇನ್ನೊಬ್ಬ ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆಟ್ಟು ಒತ್ತುವವನು.

ನಮ್ಮನೆ ಅಂಗಳದಲ್ಲಿ ಒಣಹಾಕಿದ ಅಡಿಕೆಯ ಪಕ್ಕ ಗಾಳಿಯ ತೇವ ಅಳೆಯುವ ಸೆನ್ಸರ್. ಅಕಾಲದ ಮಳೆಯ ಸುಳಿವು ಸಿಕ್ಕರೆ ಮೊಬೈಲಿಗೆ ಎಚ್ಚರಿಕೆ. ಇದು ಪ್ರಾಜೆಕ್ಟು. ಸರ್ವರ್ ಮುಂಬೈಯಲ್ಲೇ ಹಿಡಿಯಬಹುದಿತ್ತು. ಪರದೆಯ ಮೇಲೆ ತಾನಾಗಿ ಬಂದದ್ದು ವರ್ಜೀನಿಯಾ, ಬದಲಿಸುವ ಉಸಾಬರಿಗೆ ಯಾರೂ ಹೋಗಲಿಲ್ಲ. ಅಂಗಳದ ತೇವ ಅಮೆರಿಕಕ್ಕೆ ಹೋಗಿ, ಅಲ್ಲಿಂದ ಜಗುಲಿಯಲ್ಲಿ ಕೂತ ನನ್ನ ಮೊಬೈಲಿಗೆ ಬರಬೇಕು. ದಾರಿಗೆ ಒಂದು ಸೆಕೆಂಡೂ ಬೇಡ, ನಿಜ. ಆದರೆ ನಮ್ಮ ಕೋಡು ಕಣ್ಣು ಬಿಡುತ್ತಿದ್ದುದೇ ಹದಿನೈದು ನಿಮಿಷಕ್ಕೊಮ್ಮೆ. ಅಷ್ಟರಲ್ಲಿ ಅಜ್ಜಿ ಪಡುವಣಕ್ಕೊಮ್ಮೆ ಕತ್ತೆತ್ತಿ, “ಕಪ್ಪಾಯ್ತು, ಅಡಿಕೆ ಬಾಚ್ರೋ” ಅಂದಾಗಿರುತ್ತಿತ್ತು. ಎಚ್ಚರಿಕೆ ಬರುವ ಹೊತ್ತಿಗೆ ಅಂಗಳದಲ್ಲಿ ನೆನೆಯಲು ಉಳಿದದ್ದು ಸೆನ್ಸರ್ ಒಂದೇ.

ಸರ್ವರ್ ತಿಂಗಳಿಗೆ 750 ಗಂಟೆ ಪುಕ್ಕಟೆ ಅಂದಿದ್ದರು ಕಂಪನಿಯವರು. 31 ದಿನದ ತಿಂಗಳಿಗೂ 744 ಗಂಟೆ ತಾನೇ, ಹಗಲೂ ರಾತ್ರಿ ಓಡಿಸಿದರೂ ಆರು ಗಂಟೆ ಉಳಿತಾಯ ಎಂದು ಹಿಗ್ಗಿದೆವು. ಆ ಗಂಟೆಗಳು ಇಡೀ ಖಾತೆಗೆ ಸೇರಿ, ಒಂದೊಂದು ಸರ್ವರಿಗಲ್ಲ ಎಂಬ ಸಣ್ಣಕ್ಷರ ಓದಿದವರು ಯಾರು? ಪಾಸ್‌ವರ್ಡು ನಾಲ್ವರ ಬಳಿಯೂ ಇತ್ತು. ‘ಟೆಸ್ಟ್’, ‘ಟೆಸ್ಟ್ 2’, ‘ಫೈನಲ್’, ‘ಫೈನಲ್ ಹೊಸದು’ ಎಂದು ತಲೆಗೊಂದು ಸರ್ವರ್ ಎದ್ದಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ದಿನಕ್ಕೆ 96 ಗಂಟೆಯ ಲೆಕ್ಕದಲ್ಲಿ ಎಂಟನೇ ದಿನವೇ ಪುಕ್ಕಟೆ ತೀರಿ ಮೀಟರು ತಿರುಗತೊಡಗಿತು.

ತಿಂಗಳು ಕಳೆದು ಮತ್ತೆ ಅಪ್ಪನ ಫೋನು. “ಎರಡು ಸಾವಿರ ಚಿಲ್ಲರೆ ಹೋಗಿದೆ. ಈ ಸಲ ಎಷ್ಟು ಕ್ಲೌಡು ತಗೊಂಡೆ?”

ಯಾವುದು ಯಾರ ಸರ್ವರೆಂದು ಕೇಳಿದೆ. ಹಾಸ್ಟೆಲ್ ಬಚ್ಚಲಿನ ದೀಪ ಆರಿಸದೆ ಬಂದವರಾರು ಎಂದು ಕೇಳಿದಂತೆ ಎಲ್ಲರೂ ಛಾವಣಿ ನೋಡಿದರು. ಕೊನೆಗೆ ಹೆಬ್ಬೆಟ್ಟಿನವನೇ ಮುಂದೆ ಬಂದು, ‘ಫೈನಲ್ ಹೊಸದು’ ಇರುವಾಗ ಹಳೆಯದೇಕೆ ಎಂದು ‘ಫೈನಲ್’ ಅಳಿಸಿದ. ಕೋಡೂ ಡೇಟಾವೂ ಇದ್ದದ್ದು ಅದರಲ್ಲೇ. ಇಡೀ ಪ್ರಾಜೆಕ್ಟಿನಲ್ಲಿ ಅವನು ಮಾಡಿದ ಕೆಲಸ ಅದೊಂದೇ.

ವೈವಾದ ದಿನ ಸ್ಕ್ರೀನ್‌ಶಾಟ್ ತೋರಿಸಿದೆವು. ಹೊರಗಿನ ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿ, ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2011ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಕ್ಲೌಡಿನ ಐದು ಲಕ್ಷಣಗಳೇನು ಎಂದರು.

“ಮೆಷರ್ಡ್ ಸರ್ವೀಸ್!” ನಾಲ್ವರದೂ ಒಂದೇ ಉಸಿರು. ಬಳಸಿದ್ದನ್ನೆಲ್ಲ ಅಳೆದು ಲೆಕ್ಕವಿಡುವುದು.

“ಭೇಷ್. ಉಳಿದ ನಾಲ್ಕು?”

ಮೂವರೂ ಟೀಮ್ ಲೀಡರ್ ಕಡೆ ತಿರುಗಿದರು.