30 ಆಂಪಿನ ಸಂಸಾರ

ಅಮೆರಿಕದ ಆರ್‌ವಿ ಎಂಬ ಚಲಿಸುವ ಮನೆಯಲ್ಲಿ ಬಚ್ಚಲು, ಫ್ರಿಜ್ಜು, ಎ.ಸಿ. ಎಲ್ಲ ಉಂಟು, ಕರೆಂಟು ಮಾತ್ರ ಹೆಚ್ಚಾಗಿ ಕ್ಯಾಂಪ್‌ಗ್ರೌಂಡಿನ ಕಂಬದಿಂದ ಬರಬೇಕು. 30 ಆಂಪಿನ ಗಾಡಿಗೆ 120 ವೋಲ್ಟು, ಒಟ್ಟು 3,600 ವ್ಯಾಟು. ಎ.ಸಿ. ಓಡುವಾಗಲೇ ಮೈಕ್ರೋವೇವಿನಲ್ಲಿ ಅನ್ನ ಬಿಸಿಗಿಟ್ಟು, ಮೇಲೆ ಹೇರ್ ಡ್ರೈಯರನ್ನೂ ಹಾಕಿದಿರೋ, ಬ್ರೇಕರ್ ಮುನಿಸಿಕೊಳ್ಳುತ್ತದೆ. ಮುನಿಸಿಕೊಳ್ಳಲಿ ಬಿಡಿ, ಅದಕ್ಕೆಂದೇ ಇಟ್ಟಿರುವುದು. ಪಕ್ಕದ 50 ಆಂಪಿನವರು ಶ್ರೀಮಂತರು, ಅವರಿಗೆ 12,000 ವ್ಯಾಟು! ಅಡಾಪ್ಟರ್ ಹಾಕಿ ಅಂಥ ಸಾಕೆಟ್ಟಿಗೇ ಚುಚ್ಚಿದರೂ ನಮ್ಮ ಪಾಲು ಅದೇ 30.

ನಿಜವಾದ ಭಯ ಬೇರೆ. ಮನೆಯಂಗಳದಲ್ಲಿ ಆರ್‌ವಿ ಸಾಕೆಟ್ ಕೂರಿಸಲು ಬಂದ ಎಲೆಕ್ಟ್ರಿಷಿಯನ್, ಬಟ್ಟೆ ಒಣಗಿಸುವ ಯಂತ್ರದ್ದೆಂದುಕೊಂಡು 240 ವೋಲ್ಟ್ ಕೊಟ್ಟುಬಿಟ್ಟರೆ ಒಳಗಿನ ಸಾಮಾನೆಲ್ಲ ಹೊಗೆ. ಹಾಗಾಗಿ ಮೊದಲು ವೋಲ್ಟೇಜ್ ಪರೀಕ್ಷೆ. ಆಮೇಲೆ ಬ್ರೇಕರ್ ಆಫ್ ಮಾಡಿ, ಸರ್ಜ್ ಪ್ರೊಟೆಕ್ಟರ್ ಸಮೇತ ಕೇಬಲ್ ಸಿಕ್ಕಿಸಿ, ಕೊನೆಗೆ ಆನ್. ಅಷ್ಟರಲ್ಲಿ ಒಳಗಿನಿಂದ ಕೂಗು: “ರೀ, ಕಾಫಿ ಮಷೀನ್ ಹಾಕ್ಲಾ?”

“ತಡಿಯೇ ಮಾರಾಯ್ತಿ!”