ಕಸಕ್ಕೂ ಒಂದು ರೇಟು

ಕಸದಿಂದ ರಸ ತೆಗೆಯಿರಿ ಎಂದು ಭಾಷಣ ಮಾಡುವವರನ್ನು ಒಮ್ಮೆ ನಮ್ಮ ಸಿಂಧನೂರಿಗೆ ಕರೆತರಬೇಕು. ರಸದ ಮಾತು ಆಮೇಲೆ, ಮೊದಲು ಅವರು ಇಲ್ಲಿ ಕಸ ಹುಡುಕಿ ತೋರಿಸಲಿ.

ನಾನು ಹಳೇ ಸೀರೆ, ಖಾಲಿ ಅಕ್ಕಿ ಚೀಲ, ದರ್ಜಿ ಅಂಗಡಿಯ ಚಿಂದಿ ಇವುಗಳಿಂದ ಕೌದಿ, ಕೈಚೀಲ, ದಿಂಬಿನ ಗವಸು ಹೊಲಿದು ಮಾರುವವಳು. ಸಾಲಕ್ಕೆ ಅರ್ಜಿ ತುಂಬಿಸಲು ಹೋದಾಗ ಕಂಪ್ಯೂಟರ್ ಸೆಂಟರಿನ ಹುಡುಗ, “ಉದ್ಯಮ ಯಾವುದ್ರೀ ಅಕ್ಕಾರ?” ಎಂದ. ಹೇಳಿದೆ. “ಕಚ್ಚಾಮಾಲು?” “ಹಳೇ ಅರಿವಿ.” ಟೈಪು ಮಾಡುತ್ತಿದ್ದ ಬೆರಳು ಒಂದು ಗಳಿಗೆ ನಿಂತಿತು. “ಅಂದ್ರ ಮಾಲಿಗೆ ಖರ್ಚಿಲ್ಲ ಅನ್ರಿ” ಎಂದು ತಾನೇ ತೀರ್ಮಾನಿಸಿ ಸೊನ್ನೆ ಒತ್ತಿದ. ಪಾಪ, ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಹೆಂಗಸರ ಟ್ರಂಕಿನಿಂದ ಒಂದು ಹಳೇ ಸೀರೆ ಹೊರಗೆ ತರಿಸುವುದು ಎಂಥ ಕೆಲಸವೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಕಡೆ ಸೀರೆ ಹಳತಾಗುತ್ತದೆ, ಮುಗಿಯುವುದಿಲ್ಲ. ಒಂದು ಇಳಕಲ್ ಸೀರೆ ಮನೆಗೆ ಬಂತೆಂದರೆ ಮೊದಲು ಕೆಲ ವರ್ಷ ಮದುವೆ, ಸೀಮಂತಕ್ಕೆ. ಆಮೇಲೆ ಸಂತೆಗೆ. ಬಣ್ಣ ಮಾಸಿದ ಮೇಲೆ ಮನೆಯಲ್ಲಿ ಉಡಲು, ಆಮೇಲೆ ಹೊಲದಲ್ಲಿ ಕಳೆ ತೆಗೆಯಲು. ನಡು ಹರಿದರೆ ಕೂಸಿಗೆ ಜೋಲಿ ಕಟ್ಟುತ್ತಾರೆ. ಕೂಸು ಶಾಲೆಗೆ ಹೋಗತೊಡಗಿದರೆ ಅದನ್ನೇ ಮಾಳಿಗೆ ಮೇಲೆ ಹಾಸಿ ಸಂಡಿಗೆ ಇಡುತ್ತಾರೆ. ಅಲ್ಲಿಂದ ಇಳಿದದ್ದು ಬಿಸಿ ಪಾತ್ರೆ ಹಿಡಿಯುವ ಮಸಿಅರಿವೆ, ನೆಲ ಒರೆಸುವ ಅರಿವೆ, ಕಟ್ಟಕಡೆಗೆ ಗಂಡನ ಬೈಕು ಒರೆಸುವ ಅರಿವೆ. ಇಷ್ಟರ ನಡುವೆ ಎಲ್ಲಿ ಕೈಹಾಕಿ “ಇದು ನಿಮಗೆ ಬೇಡವಲ್ಲ, ನನಗೆ ಕೊಡಿ” ಎನ್ನುವುದು?

ಕೈಹಾಕುವ ಜಾಗ ಒಂದೇ ಒಂದಿದೆ. ಆ ಜಾಗದಲ್ಲಿ ನನಗಿಂತ ಮುಂಚೆ ಸ್ಟೀಲ್ ಸಾಮಾನಿನವಳು ಬಂದು ನಿಂತಿರುತ್ತಾಳೆ. ಹಳೇ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವವಳು. ಅವಳು ಸೀರೆ ಪರೀಕ್ಷಿಸುವುದನ್ನು ನೋಡಬೇಕು. ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿಯುತ್ತಾಳೆ, ಕಣ್ಣು ಕಿರಿದು ಮಾಡುತ್ತಾಳೆ, ಇಡೀ ಸೀರೆ ಬಿಟ್ಟು ಇದ್ದ ಒಂದೇ ತೂತಿಗೆ ಬೆರಳು ತೂರಿಸಿ ಆ ಬೆರಳನ್ನು ಎಲ್ಲರಿಗೂ ಕಾಣುವಂತೆ ಆಡಿಸುತ್ತಾಳೆ. ಡಬ್ಬಿ ಕೇಳಿದವರಿಗೆ ಚಮಚ ತೋರಿಸುತ್ತಾಳೆ. ಚಮಚಕ್ಕೆ ಮುಖ ತಿರುಗಿಸಿದರೆ ಬುಟ್ಟಿ ತಲೆಗೇರಿಸಿ ಹೊರಟೇಬಿಡುತ್ತಾಳೆ, ನಾಲ್ಕು ಹೆಜ್ಜೆಯಾದ ಮೇಲೆ ತಾನೇ ತಿರುಗಿ ಬರುತ್ತಾಳೆ. ವ್ಯಾಪಾರ ಕಲಿಸುವ ಸರ್ಕಾರಿ ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ.

ನಾನು ರಂಗಕ್ಕೆ ಇಳಿದದ್ದೇ ಓಣಿಯಲ್ಲಿ ರೇಟು ಏರಿತು. “ಅಕಿ ಮೂರು ಸೀರಿಗೆ ಒಂದು ಡಬ್ಬಿ ಕೊಡ್ತಾಳ. ನೀ ಏನ್ ಕೊಡ್ತಿ ಹೇಳವ್ವ ತಂಗಿ” ಎಂದು ಎದುರುಮನೆಯ ಅಕ್ಕ ಕಟ್ಟೆಯ ಮೇಲೆ ಕೂತು ಹರಾಜು ಶುರುಮಾಡಿದಳು. ನಿನ್ನೆವರೆಗೆ ಅದೇ ಸೀರೆಯನ್ನು ಬಾಗಿಲಲ್ಲಿ ಕಾಲೊರಸು ಮಾಡಿದ್ದವಳು. ನಾನು ಕೇಳಿದ ದಿನವೇ ಅದು ತೊಳೆದು, ಒಣಗಿ, ಘಳಿಗೆಯಾಗಿ ಟ್ರಂಕು ಸೇರಿತು.

ಸೀರೆಯ ಗೋಜೇ ಬೇಡವೆಂದು ಅಕ್ಕಿ ಚೀಲದ ಕಡೆ ತಿರುಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭತ್ತದ ಊರು, ಎತ್ತ ನೋಡಿದರೂ ರೈಸ್ ಮಿಲ್ಲು. ಅಕ್ಕಿ ಇಷ್ಟಿದ್ದ ಮೇಲೆ ಚೀಲಕ್ಕೇನು ಬರ? ಆದರೆ ಖಾಲಿ ಚೀಲಕ್ಕೂ ಇಲ್ಲಿ ಬಿಡುವಿಲ್ಲ. ಜೋಳ ಬೀಸಿಸಲು ಗಿರಣಿಗೆ ಹೋಗುವುದು ಅದೇ ಚೀಲ, ಬಚ್ಚಲಿಗೆ ಮರೆ ಅದೇ, ಮಳೆ ಬಂದರೆ ತಲೆಗೆ ಕೊಪ್ಪೆಯೂ ಅದೇ. 2022ರ ಜುಲೈಯಲ್ಲಿ 25 ಕೆಜಿವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5ರಷ್ಟು ಜಿಎಸ್‌ಟಿ ಬಂತಲ್ಲ, ಅದರ ಬೆನ್ನಿಗೇ ಅಂಗಡಿಗಳಿಗೆ 26 ಕೆಜಿ ಚೀಲ ಬಂತು. ದೇಶವೆಲ್ಲ ತೆರಿಗೆಯ ಬಗ್ಗೆ ಚರ್ಚೆ ಮಾಡುತ್ತಿದ್ದಾಗ ನಾನು ಟೇಪು ಹಿಡಿದು ಚೀಲ ಅಳೆಯುತ್ತಿದ್ದೆ, ಒಂದು ಕೆಜಿಯ ನೆಪದಲ್ಲಿ ನನಗೆ ನಾಲ್ಕು ಬೆರಳು ಬಟ್ಟೆ ಹೆಚ್ಚು ಸಿಕ್ಕೀತೇ ಎಂದು.

ಈ ಚೀಲದ ಗುಣ ಅರಿಯಬೇಕಾದರೆ ಬಾಯಿ ಬಿಚ್ಚುವುದರಿಂದಲೇ ಶುರುಮಾಡಬೇಕು. ಮಿಲ್ಲಿನಲ್ಲಿ ಹಾಕುವುದು ಸರಪಳಿ ಹೊಲಿಗೆ. ಸರಿಯಾದ ತುದಿ ಹಿಡಿದು ಎಳೆದರೆ ಸರ್‍ರನೆ ಒಂದೇ ಉಸಿರಿಗೆ ಬಿಚ್ಚಿಕೊಂಡು ಉದ್ದ ದಾರ ಕೈಗೆ ಬರುತ್ತದೆ. ತಪ್ಪು ತುದಿ ಹಿಡಿದರೆ ಕತ್ತರಿ, ಚಾಕು, ಹಲ್ಲು, ಬೈಗುಳ ಎಲ್ಲ ಬೇಕು. ನಮ್ಮ ಅತ್ತೆಯವರು ಕತ್ತಲಲ್ಲೂ ಸರಿ ತುದಿಯನ್ನೇ ಹಿಡಿಯುತ್ತಾರೆ. ಬಂದ ದಾರವನ್ನು ಉಂಡೆ ಸುತ್ತಿ ಇಡುತ್ತಾರೆ, ಹೂ ಕಟ್ಟಲು. ಇನ್ನು ಕತ್ತರಿ ಇಟ್ಟರೆ ಚೀಲ ಅಂಚಿನಲ್ಲಿ ಎಳೆ ಎಳೆಯಾಗಿ ಬಿಡುತ್ತದೆ. ಅದಕ್ಕೆ ಕಾಯಿಸಿದ ಚಾಕುವಿನಿಂದ ಕೊಯ್ಯಬೇಕು. ಪ್ಲಾಸ್ಟಿಕ್ಕು ಕರಗಿ ಅಂಚು ತಾನೇ ಬೆಸೆದುಕೊಳ್ಳುತ್ತದೆ. ಆ ನಾತಕ್ಕೆ ನನ್ನ ಮಗಳು ಮೂಗು ಮುಚ್ಚಿಕೊಂಡು, “ಇದಕ್ಕ ಪರಿಸರಸ್ನೇಹಿ ಅಂತ ಬೋರ್ಡು ಬ್ಯಾರೆ” ಎನ್ನುತ್ತಾಳೆ.

ಅವಳ ಮಾತು ಪೂರಾ ಸುಳ್ಳಲ್ಲ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದಾಗಿನಿಂದ ಬಟ್ಟೆ ಚೀಲದ ಜಪ ನಡೆದಿದೆ, ನಾನು ಮಾರುವುದು ಮಾತ್ರ ನೇಯ್ದ ಪ್ಲಾಸ್ಟಿಕ್ಕು. ಗಟ್ಟಿ ಇದೆ, ವರ್ಷಗಟ್ಟಲೆ ಬರುತ್ತದೆ ಎಂದು ವಾದಿಸಬಹುದು, ವಾದಿಸುತ್ತೇನೆ ಕೂಡ. ಆದರೆ ರಾಯಚೂರು ಜಿಲ್ಲೆಯ ಬಿಸಿಲು ವಾದ ಕೇಳುವುದಿಲ್ಲ. ಮಾಳಿಗೆ ಮೇಲೆ ಒಂದು ಬೇಸಿಗೆ ಮರೆತುಬಿಟ್ಟ ಚೀಲವನ್ನು ಎತ್ತಿದರೆ ಕೈಯಲ್ಲಿ ಪುಡಿ ಉಳಿಯುತ್ತದೆ. ಹಾಗಾಗಿ ಗಿರಾಕಿಗಳಿಗೆ ನೆರಳಲ್ಲಿ ತೂಗುಹಾಕಿ ಎಂದು ಹೇಳಿಯೇ ಕೊಡುತ್ತೇನೆ. ಅವರು ನಗುತ್ತಾರೆ. ಇಲ್ಲಿ ಮನುಷ್ಯರಿಗೇ ನೆರಳು ಸಾಲದು.

ಚೀಲದ ಮೇಲಿನ ಚಿತ್ರದ್ದು ಇನ್ನೊಂದು ಫಜೀತಿ. ಮಿಲ್ಲಿನವರಿಗೆ ದೇವರ ಮೇಲೆ ಭಕ್ತಿ ಜಾಸ್ತಿ. ಲಕ್ಷ್ಮಿ, ತಿಮ್ಮಪ್ಪ, ಗಣಪತಿ ಬಣ್ಣ ಬಣ್ಣದಲ್ಲಿ ನಗುತ್ತಿರುತ್ತಾರೆ. ಕತ್ತರಿಸುವಾಗ ದೇವರ ಕುತ್ತಿಗೆಗೆ ಚಾಕು ಬರಬಾರದು, ಹೊಲಿದ ಮೇಲೆ ಮುಖ ತಳಕ್ಕೆ ಹೋಗಬಾರದು. ಹೀಗೆಲ್ಲ ಕಾಳಜಿ ಮಾಡಿ ಹೊಲಿದ ಲಕ್ಷ್ಮಿ ಚೀಲವನ್ನು ಒಬ್ಬಾಕೆ ತಿರುಗಿಸಿ ಕೊಟ್ಟಳು: “ಇದರಾಗ ಮೀನು ತರಾಕ ಬರಂಗಿಲ್ಲವ್ವ.” ಅಂದಿನಿಂದ ನನ್ನಲ್ಲಿ ಎರಡು ವಿಭಾಗ. ದೇವರ ಚೀಲ ಹೂ, ಕಾಯಿ, ತರಕಾರಿಗೆ. ನವಿಲು, ಹುಲಿ, ಗುಲಾಬಿ ಚೀಲ ಮಾಂಸ, ಮೀನಿಗೆ. ಸುತ್ತಲಿನ ಬಂಗಾಲಿ ಕ್ಯಾಂಪುಗಳಿಂದಾಗಿ ನವಿಲು ಬೇಗ ಖಾಲಿಯಾಗುತ್ತದೆ.

ಕ್ಯಾಂಪಿನ ಮಾತು ಬಂತಲ್ಲ, ನಮ್ಮ ಕಾರ್ಖಾನೆಯ ಹಿರಿಯ ತಜ್ಞರನ್ನು ಪರಿಚಯಿಸಿಬಿಡುತ್ತೇನೆ. ಒಬ್ಬರು ನಮ್ಮ ಅತ್ತೆ. ಇನ್ನೊಬ್ಬರು ಆರ್.ಎಚ್. ಕ್ಯಾಂಪಿನ ಬಂಗಾಲಿ ಅಜ್ಜಿ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ ಸಿಂಧನೂರು ತಾಲ್ಲೂಕಿನಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿದರಲ್ಲ, ಆ ಕಾಲದಲ್ಲಿ ಹೊಸ ಮದುವಣಗಿತ್ತಿಯಾಗಿ ಬಂದವರು. ಈಗ ಕನ್ನಡದಲ್ಲಿ ಜಗಳವನ್ನೂ ಸಲೀಸಾಗಿ ಮಾಡುತ್ತಾರೆ. ಅವರದು ಕಾಂಥಾ, ಅತ್ತೆಯವರದು ಕೌದಿ. ಎರಡೂ ಹಳೇ ಸೀರೆಯ ಪದರುಗಳನ್ನು ಎಳೆಹೊಲಿಗೆಯಲ್ಲಿ ಕೂಡಿಸುವ ಕೆಲಸವೇ. ಆದರೆ ಇಬ್ಬರನ್ನೂ ಒಂದೇ ಚಾಪೆ ಮೇಲೆ ಕೂರಿಸಿದ ದಿನದಿಂದ ನನ್ನ ಮನೆಯಲ್ಲಿ ಮೌನವಿಲ್ಲ.

ಅಜ್ಜಿ ಸೀರೆಯ ಅಂಚಿನಿಂದ ಬಣ್ಣದ ಎಳೆಯನ್ನು ಒಂದೊಂದಾಗಿ ಹಿರಿದು ಅದನ್ನೇ ಸೂಜಿಗೆ ಪೋಣಿಸುತ್ತಾರೆ. ಅದರಿಂದಲೇ ಮೀನು, ಕಮಲ, ಬಳ್ಳಿ ಮೂಡುತ್ತವೆ. ಅತ್ತೆಗೆ ಇದು ಸೇರದು. “ಇಷ್ಟು ತೆಳ್ಳಗ ಐತಿ, ಇದನ್ನ ಹೊಚ್ಕೊಂಡ್ರ ಥಂಡಿ ಹೊಕ್ಕೈತೇನವ್ವ? ಸೊಳ್ಳೀನೂ ಹೊರಗ ನಿಂದ್ರಂಗಿಲ್ಲ.” ಅತ್ತೆ ಕೌದಿಗೆ ಪದರಿನ ಮೇಲೆ ಪದರು ಪೇರಿಸಿ, ಅಂಚಿನಿಂದ ಶುರುಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೇಲೆ ಕೆಂಪು, ಹಸಿರು, ಹಳದಿ ತೇಪೆ. ಅಜ್ಜಿ ಅದರ ಒಂದು ಮೂಲೆ ಎತ್ತಿ ನೋಡಿ, ಕೈಬಿಟ್ಟು, “ಇದನ್ನ ಒಗಿಯೋರು ಯಾರು ದೀದಿ? ನಿಮ್ಮನ್ಯಾಗ ಎತ್ತು ಅದಾವೇನು?” ಎಂದು ಕೇಳುತ್ತಾರೆ. ಮಧ್ಯಾಹ್ನ ಚಹಾ ಬಂದರೆ ಕದನವಿರಾಮ. ಕೌದಿ ಮುಗಿಯುವ ದಿನ ಅತ್ತೆ ಅದರ ಮೇಲೆ ಒಂದು ಹೋಳಿಗೆ ಇಟ್ಟು, ಹೊಸ ಕೌದಿ ಹಸಿದಿರಬಾರದು ಎನ್ನುತ್ತಾರೆ. ಆ ಹೋಳಿಗೆ ಮಾತ್ರ ಯಾವಾಗಲೂ ಬಂಗಾಲಿ ಅಜ್ಜಿಗೇ ಹೋಗುತ್ತದೆ, ಯಾರು ಕೊಟ್ಟರೆಂದು ಕೇಳಿದರೆ ಇಬ್ಬರೂ ಹೇಳುವುದಿಲ್ಲ.

ಮಾರಾಟಕ್ಕೆ ನಾನು ಮಸ್ಕಿ, ಲಿಂಗಸುಗೂರು ಸುತ್ತುತ್ತೇನೆ. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಯೂ ಉಂಟು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನನಗೆ ಬಸ್ಸು ಪುಕ್ಕಟೆ, ಕೌದಿ ಗಂಟಿಗೆ ಪುಕ್ಕಟೆಯಲ್ಲ. “ಗಂಟೂ ಹೆಣ್ಣ ಐತ್ರಿ ಅಣ್ಣಾರ, ಒಳಗ ಬರೇ ಸೀರಿ ಅದಾವ” ಎಂದೆ ಒಂದು ಸಲ. ಕಂಡಕ್ಟರ್ ತಲೆ ಎತ್ತದೆ, “ಹಂಗಾರ ಅದರ ಆಧಾರ್ ಕಾರ್ಡ್ ತೋರಸ್ರಿ” ಎಂದು ಲಗೇಜ್ ಟಿಕೆಟ್ ಹರಿದ.

ಮಸ್ಕಿಗೆ ಹೋಗುವ ದಾರಿಯಲ್ಲೇ ಮಗಳು ನನಗೆ ಬ್ರ್ಯಾಂಡಿನ ಪಾಠ ಮಾಡಿದ್ದು. ಹೆಸರಿಲ್ಲದ ಸರಕಿಗೆ ಬೆಲೆಯಿಲ್ಲವಂತೆ. ಅತ್ತೆ ಒಪ್ಪಲಿಲ್ಲ. “ಹೊಲಿಗಿ ನೋಡಿದ್ರ ಯಾರದಂತ ತಿಳಿತೈತಿ, ಚೀಟಿ ಯಾಕ?” ಮಗಳು ಬಸ್ಸಿನ ಕಿಟಕಿಯಿಂದ ಮಸ್ಕಿಯ ಗುಡ್ಡ ತೋರಿಸಿದಳು. ಅಶೋಕ ಚಕ್ರವರ್ತಿ ದೇಶದ ತುಂಬ ಬಂಡೆ, ಕಂಬಗಳ ಮೇಲೆ ಬರೆಸಿ ಹೆಚ್ಚಿನ ಕಡೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಹಾಕಿಸಿದ. ಪಂಡಿತರು ಇವನು ಯಾರಪ್ಪಾ ಎಂದು ತಲೆ ಕೆರೆದುಕೊಂಡರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ಅಶೋಕ ಎಂಬ ಹೆಸರು ಸಿಕ್ಕ ಮೇಲೆ ಎಲ್ಲ ಖಾತ್ರಿಯಾಯಿತು. “ನೋಡಮ್ಮ, ಲೇಬಲ್ ಸರಿಯಾಗಿ ಹಚ್ಚದಿದ್ದಕ್ಕ ಚಕ್ರವರ್ತೀನೇ ಎರಡು ಸಾವಿರ ವರ್ಷ ಕಾಯಬೇಕಾತು” ಎಂದಳು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, “ಅವಂಗ ಸೊಸಿ ಇರಲಿಲ್ಲೇನು, ಹೇಳಾಕ?” ಎಂದರು. ಲೇಬಲ್ ಬಂತು. ಅದನ್ನೂ ದರ್ಜಿ ಅಂಗಡಿಯ ಚಿಂದಿಯಲ್ಲೇ ಮಾಡಿದೆವು.

ಲಿಂಗಸುಗೂರಿನ ಗಿರಾಕಿಗಳು ಲೇಬಲ್ ನೋಡುವವರಲ್ಲ, ಲೆಕ್ಕ ನೋಡುವವರು. ಒಬ್ಬರು ಕೌದಿಯನ್ನು ಹಿಂದೆ ಮುಂದೆ ತಿರುವಿ, “ಇದರಾಗ ಎಷ್ಟು ಸೀರಿ ಅದಾವ?” ಎಂದರು. ಹೇಳಿದೆ. ಹಳೇ ಸೀರೆಗೆ ಇಷ್ಟು, ದಾರಕ್ಕೆ ಇಷ್ಟು ಎಂದು ಬೆರಳು ಮಡಿಸಿ ನಾನು ಹೇಳಿದ್ದರ ಕಾಲುಭಾಗಕ್ಕೆ ಇಳಿಸಿದರು. “ನಮ್ಮವ್ವ ಪುಕ್ಕಟ ಹೊಲಿತಿದ್ಲು.” “ಈಗೂ ಹೊಲಿತಾರೇನ್ರಿ?” “ಕಣ್ಣು ಕಾಣಂಗಿಲ್ಲ ಅಕಿಗೆ.” “ನೀವು?” “ಅಯ್ಯ, ನನಗೆಲ್ಲಿ ಬರ್ತೈತಿ, ಬೆನ್ನು ಹಿಡಿತೈತಿ.” ಆ ಬೆನ್ನಿನ ದರವನ್ನು ಮಾತ್ರ ಬೆರಳು ಮಡಿಸುವಾಗ ಯಾರೂ ಸೇರಿಸುವುದಿಲ್ಲ. ಅದೇ ತಾಲ್ಲೂಕಿನ ಹಟ್ಟಿಯಲ್ಲಿ ಟನ್ನುಗಟ್ಟಲೆ ಕಲ್ಲು ಅರೆದು ಗ್ರಾಂ ಲೆಕ್ಕದಲ್ಲಿ ಬಂಗಾರ ತೆಗೆಯುತ್ತಾರೆ. ಬಂಗಾರದ ಅಂಗಡಿಯಲ್ಲಿ ಕೂತು, “ಕಲ್ಲು ಪುಕ್ಕಟ ಸಿಕ್ಕೈತಲ್ಲ, ಕಡಿಮಿ ಮಾಡ್ರಿ” ಎಂದವರನ್ನು ನಾನಿನ್ನೂ ಕಂಡಿಲ್ಲ.

ಬೆಂಗಳೂರಿನವರ ತಕರಾರು ಬೇರೆ. ಅವರು ಬೆಲೆ ಕೇಳುವುದಿಲ್ಲ, ಕಥೆ ಕೇಳುತ್ತಾರೆ. ಮೊನ್ನೆ ಒಂದು ದೊಡ್ಡ ಆರ್ಡರು ಬಂತು. ಪ್ರತಿ ಕೌದಿಯ ಜೊತೆ ಒಂದು ಚೀಟಿ ಇರಬೇಕಂತೆ, ಅದರಲ್ಲಿನ ಸೀರೆ ಯಾರದು, ಅವರು ಅದನ್ನು ಎಲ್ಲಿ ಉಟ್ಟಿದ್ದರು, ಅದರ ನೆನಪೇನು ಎಂದು. ನಾನು ಚೀಟಿ, ಪೆನ್ನು ಹಿಡಿದು ಎದುರುಮನೆ ಅಕ್ಕನ ಕಟ್ಟೆಗೆ ಹೋದೆ. ಅವಳ ಹಸಿರು ಸೀರೆ ಆಗಲೇ ಕೌದಿಯ ನಡುಭಾಗದಲ್ಲಿ ಕೂತಿತ್ತು. ಅಕ್ಕ ಕಣ್ಣು ಅರಳಿಸಿ ಶುರುಮಾಡಿದಳು: ಮುದಗಲ್ಲಿನಲ್ಲಿ ತಂಗಿಯ ಮದುವೆ, ಬೀಗರು ಸೀರೆ ಅದಲು ಬದಲು ಮಾಡಿದ್ದು, ಅದಕ್ಕೆ ಅವ್ವ ಊಟ ಬಿಟ್ಟು ಕೂತದ್ದು. ಇನ್ನೇನು ರಸವತ್ತಾದ ಜಾಗ ಬರಬೇಕು, ಅಷ್ಟರಲ್ಲಿ ಬಾಯಿ ಮುಚ್ಚಿದಳು.

“ಯಾಕಕ್ಕ, ಮುಂದ?”

“ನಾ ನಿನಗ ಸೀರಿ ಮಾರೀನಿ. ಕಥಿ ಮಾರಿಲ್ಲ.”

ಕಂಪ್ಯೂಟರ್ ಸೆಂಟರಿನ ಹುಡುಗ ಹಾಕಿದ ಸೊನ್ನೆ ಆ ಅರ್ಜಿಯಲ್ಲಿ ಇವತ್ತಿಗೂ ಹಾಗೆಯೇ ಇದೆ. ಕಟ್ಟೆಯ ಮೇಲೆ ಸಂಜೆವರೆಗೆ ಪಂಚಾಯಿತಿ ನಡೆದು, ಅತ್ತೆ ಒಂದು ಕಡೆ, ಬಂಗಾಲಿ ಅಜ್ಜಿ ಒಂದು ಕಡೆ ವಕಾಲತ್ತು ವಹಿಸಿ, ಕೊನೆಗೆ ಸೀರೆಗೆ ಐವತ್ತು, ಕಥೆಗೆ ನೂರು ಎಂದು ಇತ್ಯರ್ಥವಾಯಿತು. ಅಳುವ ಪ್ರಸಂಗ ಇದ್ದರೆ ಮೇಲೆ ಇಪ್ಪತ್ತು. ಈಗ ಓಣಿಯಲ್ಲಿ ಯಾರ ಸೀರೆ ಕೇಳಿದರೂ, ಟ್ರಂಕು ತೆಗೆಯುವ ಮುಂಚೆಯೇ ಅಳುತ್ತಾರೆ.