ಸಹಿಯಿಲ್ಲದ ಕರಾರಿನ ಮಹಿಮೆ

ಸಾಲಕ್ಕೆ ಜಾಮೀನು ನಿಲ್ಲುವ ಮೊದಲು ನಾಲ್ವರು ಹಿರಿಯರನ್ನು ಕೇಳುವ ಗದಗ-ಬೆಟಗೇರಿಯ ಗೃಹಸ್ಥನು, ಬ್ರಾಡ್‌ಬ್ಯಾಂಡ್ ಜೋಡಿಸಲು ಬಂದ ಹುಡುಗನಿಗೆ ಮಾತ್ರ ಗಿರಮಿಟ್ ತಿನ್ನುತ್ತಲೇ ಒಟಿಪಿ ಓದಿ ಹೇಳಿ, ಕಣ್ಣಾರೆ ಕಾಣದ ಕರಾರಿಗೆ ಬದ್ಧನಾಗಿಬಿಡುತ್ತಾನೆ. 1872ರ ಭಾರತೀಯ ಕರಾರು ಕಾಯ್ದೆಯಂತೆ ಒಪ್ಪಿಗೆಯು ಬಾಯಿ ಬಿಡದೆ ನಡವಳಿಕೆಯಿಂದಲೂ ವ್ಯಕ್ತವಾಗಬಹುದಾದ್ದರಿಂದ, ರೂಟರಿನ ದೀಪ ಹಸಿರಾದೊಡನೆ ಧಾರಾವಾಹಿ ಹಚ್ಚಿ ಕೂತವನು ಸಹಿ ಹಾಕಿದವನಿಗೆ ಸಮಾನನು.

ಶಿರಹಟ್ಟಿಯಲ್ಲಿ ತಂತಿಯು ಬೇವಿನ ಮರದಿಂದ ಕಂಬಕ್ಕೂ ಕಂಬದಿಂದ ನೆರೆಮನೆಯ ತಗಡಿಗೂ ಹಾಯ್ದು ಬರುವುದರಿಂದ, ಮಂಗವೊಂದು ಜೋತಾಡಿದರೆ ಸಂಪರ್ಕ ನಿಲ್ಲುತ್ತದೆಯೇ ಹೊರತು ಬಿಲ್ಲು ನಿಲ್ಲುವುದಿಲ್ಲ. ಮುಂಡರಗಿಯಲ್ಲಿಯಂತೂ ಕಪ್ಪತಗುಡ್ಡದ ಗಾಳಿಯಂತ್ರಗಳಿಗೆ ಪೈಪೋಟಿಯಾಗಿ ಪರದೆಯ ಮೇಲೂ ಚಕ್ರವೊಂದು ತಿರುಗುತ್ತಿರುತ್ತದೆ. ಬೇಸತ್ತ ಲಕ್ಷ್ಮೇಶ್ವರದ ಗ್ರಾಹಕನು ಸಂಪರ್ಕ ಬೇಡವೆಂದರೆ, ‘ಕರಾರಿನಲ್ಲಿ ದಂಡವಿದೆ’ ಎಂಬ ಉತ್ತರ ಬರುತ್ತದೆ. ಕರಾರು ತೋರಿಸೆಂದರೆ ಕರೆಯೇ ಕಡಿಯುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅಳತೆ ಮೀರಿದ ದಂಡ, ವಿಪರೀತ ಠೇವಣಿಗಳಂಥ ಷರತ್ತುಗಳನ್ನು ‘ಅನ್ಯಾಯದ ಕರಾರು’ ಎಂದು ಕರೆದು ಅವುಗಳ ವಿಚಾರಣೆಯನ್ನು ರಾಜ್ಯ ಆಯೋಗಕ್ಕೆ ವಹಿಸಿದ್ದರೆ, ‘ಸೇವಾ ನ್ಯೂನತೆ’ ಅಂದರೆ ಹಣ ಪಡೆದೂ ಸರಿಯಾಗಿ ಸೇವೆ ಕೊಡದಿರುವುದರ ದೂರನ್ನು ಜಿಲ್ಲಾ ಆಯೋಗವೇ ಕೇಳುತ್ತದೆ. ದೂರವಾಣಿ ಕಂಪನಿಗಳೂ ಈ ಕಾಯ್ದೆಗೆ ಹೊರತಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದರೆ ಇಂಟರ್ನೆಟ್ ಇಲ್ಲವೆಂಬ ದೂರನ್ನು ಆನ್‌ಲೈನಿನಲ್ಲಿ ಸಲ್ಲಿಸಲು ನೆರೆಮನೆಯ ಪಾಸ್‌ವರ್ಡ್ ಬೇಕಾಗುತ್ತದೆ. ಅದಕ್ಕೆ ಶುಲ್ಕವಾಗಿ ಅವರ ಮೊಣಕಾಲು ನೋವಿನ ಕಥೆಯನ್ನು ಅರ್ಧ ತಾಸು ಕೇಳಲೇಬೇಕು.